ಸಂದರ್ಶನದಲ್ಲಿ ಸಾಮರ್ಥ್ಯ ಮತ್ತು ದೌರ್ಬಲ್ಯ: ಹಳ್ಳಿಯ ಯುವಜನರಿಗೆ ಸದಸ್ಯರು ನೀಡಬಹುದಾದ ನೆರವು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಉದ್ಯೋಗ ಸಂದರ್ಶನಕ್ಕೆ ಕರೆ ಬಂದಾಗ ಹಳ್ಳಿಯ ಅನೇಕ ಯುವಕ ಯುವತಿಯರು ಮೊದಲು ತಮ್ಮ ಊರಿನ ಸದಸ್ಯರ ಮನೆಗೆ ಬರುತ್ತಾರೆ. ‘ಯಾರಿಗಾದರೂ ಒಂದು ಮಾತು ಹೇಳಿ’ ಎಂಬುದು ಅವರ ಕೋರಿಕೆ. ಆದರೆ ಸಂದರ್ಶನದ ಕೊಠಡಿಯೊಳಗೆ ಸದಸ್ಯರ ಮಾತು ಅವರೊಡನೆ ಹೋಗಲಾರದು. ಅಲ್ಲಿ ಅವರ ಮಾತೇ ಅವರಿಗೆ ಆಸರೆ.

ಕೇಂದ್ರ ಸರ್ಕಾರವು ಗ್ರೂಪ್ ‘ಸಿ’, ಗ್ರೂಪ್ ‘ಡಿ’ ಹಾಗೂ ಗೆಜೆಟೆಡ್ ಅಲ್ಲದ ಗ್ರೂಪ್ ‘ಬಿ’ ಹುದ್ದೆಗಳ ನೇಮಕಾತಿಯಲ್ಲಿ 2016ರ ಜನವರಿ 1ರಿಂದ ಸಂದರ್ಶನವನ್ನು ಕೈಬಿಟ್ಟಿದೆ. ಆದರೂ ಬ್ಯಾಂಕುಗಳ ಪ್ರೊಬೇಷನರಿ ಅಧಿಕಾರಿ ಹುದ್ದೆಗಳಿಗೆ, ಖಾಸಗಿ ಕಂಪನಿಗಳ ಕೆಲಸಗಳಿಗೆ ಮತ್ತು ಉದ್ಯೋಗ ಮೇಳಗಳಲ್ಲಿ ಸಂದರ್ಶನ ಉಳಿದೇ ಇದೆ. 2014ರಲ್ಲಿ ಆರಂಭವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಂತಹ ಯೋಜನೆಗಳಲ್ಲಿ ತರಬೇತಿ ಪಡೆದವರೂ ಕೊನೆಗೆ ಉದ್ಯೋಗದಾತರ ಎದುರು ಕುಳಿತುಕೊಳ್ಳಬೇಕಾಗುತ್ತದೆ. ಅಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ: ‘ನಿಮ್ಮ ಸಾಮರ್ಥ್ಯವೇನು? ದೌರ್ಬಲ್ಯವೇನು?’

ಈ ಪ್ರಶ್ನೆಗೆ ಹಳ್ಳಿಯ ಅಭ್ಯರ್ಥಿ ತಬ್ಬಿಬ್ಬಾಗುವುದಕ್ಕೆ ಅಜ್ಞಾನ ಕಾರಣವಲ್ಲ. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬಾರದು, ತುಂಬಿದ ಕೊಡ ತುಳುಕುವುದಿಲ್ಲ ಎಂಬ ಮಾತುಗಳನ್ನು ಕೇಳಿಯೇ ಆತ ಬೆಳೆದಿರುತ್ತಾನೆ. ಆ ವಿನಯ ಒಳ್ಳೆಯದೇ. ಆದರೆ ಬಾಯಿ ಮುಚ್ಚಿದ ಕೊಡದಲ್ಲಿ ನೀರೆಷ್ಟಿದೆ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಸಾಮರ್ಥ್ಯವನ್ನು ಹೇಳುವುದೆಂದರೆ ಆತ್ಮಸ್ತುತಿಯಲ್ಲ. ಮಾಡಿದ ಕೆಲಸದ ಲೆಕ್ಕವನ್ನು ಒಪ್ಪಿಸುವುದು.

ಉದಾಹರಣೆಗೆ, ವಾಣಿಜ್ಯ ಪದವಿ ಪಡೆದ ಒಬ್ಬ ಯುವತಿ ಲೆಕ್ಕಪತ್ರ ಸಹಾಯಕಿಯ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆಂದು ಭಾವಿಸೋಣ. ಆಕೆ ಎರಡು ವರ್ಷಗಳಿಂದ ತಾಯಿಯ ಸ್ವಸಹಾಯ ಸಂಘದ ನಗದು ಪುಸ್ತಕ ಮತ್ತು ಸಾಲದ ಖಾತೆಯನ್ನು ಬರೆಯುತ್ತಿದ್ದಾಳೆ. ಆದರೂ ಅನುಭವವಿದೆಯೇ ಎಂದು ಕೇಳಿದರೆ ‘ಇಲ್ಲ ಸರ್’ ಎನ್ನುತ್ತಾಳೆ. ಸಂಬಳವಿಲ್ಲದ ಕೆಲಸ ಅನುಭವವಲ್ಲವೆಂಬುದು ಆಕೆಯ ನಂಬಿಕೆ. ‘ನಾನು ಪ್ರಾಮಾಣಿಕಳು, ಶ್ರಮಜೀವಿ’ ಎಂದರೂ ಪ್ರಯೋಜನವಿಲ್ಲ. ಆ ಮಾತನ್ನು ಎಲ್ಲರೂ ಹೇಳುತ್ತಾರೆ. ಅದರ ಬದಲು, ‘ಒಮ್ಮೆ ಲೆಕ್ಕದಲ್ಲಿ 340 ರೂಪಾಯಿ ವ್ಯತ್ಯಾಸ ಬಂದಿತು. ಸದಸ್ಯೆಯರ ಪಾಸ್ ಪುಸ್ತಕಗಳನ್ನು ಒಂದೊಂದಾಗಿ ತಾಳೆ ನೋಡಿ, ಒಂದು ಸಾಲದ ಕಂತು ದಾಖಲಾಗದಿರುವುದನ್ನು ಪತ್ತೆ ಮಾಡಿದೆ’ ಎಂದರೆ ಆಕೆಯ ತಾಳ್ಮೆ, ಪ್ರಾಮಾಣಿಕತೆ, ಲೆಕ್ಕದ ಜ್ಞಾನ ಮೂರೂ ಕಣ್ಣಿಗೆ ಕಾಣುತ್ತವೆ. ಉದ್ಯೋಗ ಖಾತ್ರಿ ಕಾಮಗಾರಿಯಲ್ಲಿ ಕಾಯಕ ಬಂಧುವಾಗಿ ಕೂಲಿಕಾರರ ಹಾಜರಾತಿ ನೋಡಿಕೊಂಡವರಿಗೂ, ಹಾಲಿನ ಡೇರಿಯಲ್ಲಿ ಲೆಕ್ಕ ಬರೆದವರಿಗೂ ಹೇಳಲು ಇಂತಹ ಸಂಗತಿಗಳಿರುತ್ತವೆ.

ದೌರ್ಬಲ್ಯದ ಪ್ರಶ್ನೆಗೆ ಎರಡು ಉತ್ತರಗಳು ಕೆಲಸ ಕೆಡಿಸುತ್ತವೆ. ‘ನನ್ನಲ್ಲಿ ಯಾವ ಕೊರತೆಯೂ ಇಲ್ಲ’ ಎಂಬುದು ಒಂದು. ‘ಅತಿಯಾಗಿ ದುಡಿಯುವುದೇ ನನ್ನ ದೌರ್ಬಲ್ಯ’ ಎಂಬ ಬಾಯಿಪಾಠ ಇನ್ನೊಂದು. ಒಳ್ಳೆಯ ಉತ್ತರದಲ್ಲಿ ಎರಡು ಅಂಶಗಳಿರಬೇಕು: ನಿಜವಾದ ಒಂದು ಕೊರತೆ, ಮತ್ತು ಅದನ್ನು ತಿದ್ದಿಕೊಳ್ಳಲು ಈಗಾಗಲೇ ಕೈಗೊಂಡ ಕ್ರಮ. ‘ಅಪರಿಚಿತರ ಮುಂದೆ ಮಾತನಾಡಲು ಹಿಂಜರಿಯುತ್ತೇನೆ. ಅದಕ್ಕಾಗಿಯೇ ಈಗ ಸಂಘದ ಸಭೆಯಲ್ಲಿ ಲೆಕ್ಕವನ್ನು ನಾನೇ ಓದಿ ಹೇಳುತ್ತಿದ್ದೇನೆ’ ಎಂದು ಆ ಯುವತಿ ಹೇಳಿದರೆ ಅದು ನಂಬುವಂತಹ ಮಾತು.

ಇಂಗ್ಲಿಷಿನ ವಿಷಯದಲ್ಲಿಯೂ ಇದೇ ನಿಯಮ. ಓದಿ ಅರ್ಥಮಾಡಿಕೊಳ್ಳಬಲ್ಲೆ, ಮಾತನಾಡುವಾಗ ತಡವರಿಸುತ್ತೇನೆ ಎಂದು ನೇರವಾಗಿ ಹೇಳುವುದು ಅವಮಾನವಲ್ಲ. ಆದರೆ ದಿನವಿಡೀ ಇಂಗ್ಲಿಷಿನಲ್ಲಿ ದೂರವಾಣಿ ಕರೆ ಸ್ವೀಕರಿಸುವ ಕೆಲಸಕ್ಕೆ ಆ ಕೊರತೆ ದೊಡ್ಡದು. ಅದನ್ನು ಮುಚ್ಚಿಟ್ಟು ಸೇರಿದವರು ಕೆಲವೇ ದಿನಗಳಲ್ಲಿ ಮನನೊಂದು ಊರಿಗೆ ಮರಳಬಹುದು. ಆದುದರಿಂದ ತನ್ನ ಕೊರತೆಯನ್ನು ಅರಿಯುವುದು ಸರಿಯಾದ ಹುದ್ದೆಯನ್ನು ಆರಿಸಿಕೊಳ್ಳುವುದಕ್ಕೂ ಅಗತ್ಯ.

ಇದರಲ್ಲಿ ಪಂಚಾಯಿತಿ ಸದಸ್ಯರ ಪಾತ್ರ ಹಿರಿದು. ಯಾವ ಮನೆಯ ಮಗಳು ಯಾವ ಸಂಘದ ಪುಸ್ತಕ ಬರೆಯುತ್ತಾಳೆ, ಯಾವ ಹುಡುಗ ಜಾತ್ರೆಯ ದಾಸೋಹದ ಸರತಿಯನ್ನು ಗದ್ದಲವಿಲ್ಲದೆ ನಿಭಾಯಿಸಿದ ಎಂಬುದನ್ನು ಕಣ್ಣಾರೆ ಕಂಡವರು ಅವರು. ಅಭ್ಯರ್ಥಿ ಮರೆತ ಸಾಮರ್ಥ್ಯವನ್ನು ಅವರು ನೆನಪಿಸಬಲ್ಲರು. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಬಿಡುವಿನ ವೇಳೆ ಅಣಕು ಸಂದರ್ಶನ ನಡೆಸಬಹುದು. ಶಿಕ್ಷಕರೊಬ್ಬರು, ಸದಸ್ಯರೊಬ್ಬರು ಪ್ರಶ್ನೆ ಕೇಳಲಿ. ಅಭ್ಯರ್ಥಿ ಎರಡು ನಿಮಿಷ ಉತ್ತರಿಸಲಿ. ತಪ್ಪನ್ನು ನಗೆಪಾಟಲು ಮಾಡದೆ ತಿದ್ದಬೇಕು. ಹೆಣ್ಣುಮಕ್ಕಳನ್ನು ಮೊದಲು ಕೂರಿಸಿದರೆ ಅವರು ಹಿಂದುಳಿಯುವುದಿಲ್ಲ.

ಮುಂದೆ ಸದಸ್ಯರೇ ಯಾವುದಾದರೂ ಆಯ್ಕೆಯಲ್ಲಿ ಪ್ರಶ್ನೆ ಕೇಳುವ ಸ್ಥಾನದಲ್ಲಿ ಕುಳಿತಾಗ, ಕೊರತೆಯನ್ನು ಒಪ್ಪಿಕೊಂಡವರನ್ನು ಅದೇ ಕಾರಣಕ್ಕೆ ತಿರಸ್ಕರಿಸದಿರುವುದು ನ್ಯಾಯ. ಸತ್ಯ ಹೇಳಿದವರು ಸೋತು, ಮುಚ್ಚಿಟ್ಟವರು ಗೆದ್ದರೆ ಮುಂದಿನವರು ಕಲಿಯುವುದು ಮುಚ್ಚಿಡುವುದನ್ನೇ.

ಶಿಫಾರಸು ಪತ್ರ ಕೇಳಿ ಬಂದ ಯುವಜನರನ್ನು ಬರಿಗೈಯಲ್ಲಿ ಕಳುಹಿಸಬೇಕಾಗಿಲ್ಲ. ಅರ್ಧ ಗಂಟೆ ಎದುರು ಕೂರಿಸಿಕೊಂಡು, ‘ನೀನು ಏನೇನು ಕೆಲಸ ಮಾಡಿದ್ದೀಯೆ, ಹೇಳು’ ಎಂದು ಕೇಳಿದರೆ, ಅವರು ತಮ್ಮದೇ ಮಾತನ್ನು ಜೊತೆಗೆ ಕೊಂಡೊಯ್ಯುತ್ತಾರೆ. ಈ ಕಾರ್ಯವನ್ನು ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲಿಯೂ ಕೈಗೊಳ್ಳಬೇಕೆಂದು ಕೋರಲಾಗಿದೆ.