ಕೂಲಿಯಿಲ್ಲದ ಗುರುಗಳು
(ಜೇನು ಕೃಷಿಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನ ಮನೆಗಳಲ್ಲಿ ಎಲ್ಲರೂ ಕಂಡಿರುವ ಒಂದು ಸಂಗತಿಯಿಂದ ಇಂದಿನ ಮಾತು ಆರಂಭವಾಗಲಿ. ಹುಳುಗಳು ಇನ್ನೂ ಮೇಣದಿಂದ ಮುಚ್ಚದ ಎರಿಯನ್ನು ಅವಸರದಲ್ಲಿ ತೆಗೆದು, ಹಿಂಡಿ, ಬಾಟಲಿಯಲ್ಲಿ ತುಂಬಿಟ್ಟರೆ ಮಳೆಗಾಲದ ಹೊತ್ತಿಗೆ ಆ ಜೇನು ನೊರೆಗಟ್ಟುತ್ತದೆ. ಮುಚ್ಚಳ ತೆರೆದೊಡನೆ ಬುಸ್ಸೆಂದು ಗಾಳಿ ಹೊರಡುತ್ತದೆ. ಹುಳಿವಾಸನೆ ಮೂಗಿಗೆ ಬಡಿಯುತ್ತದೆ. ಮನೆಯವರು "ಜೇನು ಕೆಟ್ಟಿತು" ಎಂದು ಬದಿಗಿಡುತ್ತಾರೆ. ಇದರ ಕಾರಣ ಸರಳ. ಪಕ್ವವಾದ ಜೇನಿನಲ್ಲಿ ಸಕ್ಕರೆಯ ಪ್ರಮಾಣ ಹೆಚ್ಚು, ನೀರು ಕಡಿಮೆ. ಅಲ್ಲಿ ಯೀಸ್ಟ್ ಬದುಕಿದ್ದರೂ ಬೆಳೆಯಲಾರದು. ನೀರಿನಂಶ ಶೇ. 20ನ್ನು ದಾಟಿತೆಂದರೆ ಸಕ್ಕರೆಯನ್ನು ತಾಳಿಕೊಳ್ಳಬಲ್ಲ ಕೆಲವು ಯೀಸ್ಟ್‌ಗಳು ಎಚ್ಚೆತ್ತು ಕೆಲಸ ಆರಂಭಿಸುತ್ತವೆ. ದೋಸೆಹಿಟ್ಟಿನಲ್ಲಿ ನಡೆಯುವಂತೆಯೇ ಇಲ್ಲಿಯೂ ಹುದುಗು ಏಳುತ್ತದೆ.

ಇಲ್ಲಿ ಆಕಸ್ಮಿಕವಾಗಿ, ನಷ್ಟವಾಗಿ ನಡೆಯುವ ಈ ಕ್ರಿಯೆಯನ್ನು ಜಗತ್ತಿನ ಅನೇಕ ಜನಾಂಗಗಳು ಬೇಕೆಂದೇ ನಡೆಸುತ್ತ ಬಂದಿವೆ. ಜೇನಿಗೆ ನೀರು ಬೆರೆಸಿ ಹುದುಗಿಸಿದ ಪಾನೀಯವನ್ನು ಇಂಗ್ಲಿಷರು ಮೀಡ್ ಎನ್ನುತ್ತಾರೆ. ಇಥಿಯೋಪಿಯಾದವರು ಗೆಶೊ ಎಂಬ ಗಿಡದ ಎಲೆ, ಕಡ್ಡಿ ಸೇರಿಸಿ ಮಾಡುವ ಅದರ ಬಗೆಗೆ ತೇಜ್ ಎಂದು ಹೆಸರು. ಮೀಡ್ ಎಂಬ ಪದವೂ ಸಂಸ್ಕೃತದ ಮಧು ಎಂಬ ಪದವೂ ಒಂದೇ ಬೇರಿನವು. ಮಧು ಎಂದರೆ ಜೇನೂ ಹೌದು, ಮದ್ಯವೂ ಹೌದು ಎಂಬುದು ನಿಘಂಟು ತೆರೆದವರಿಗೆ ತಿಳಿದ ವಿಷಯ.

ಕುಡಿತವನ್ನು ಹೊಗಳುವುದು ಈ ಉಪನ್ಯಾಸದ ಉದ್ದೇಶವಲ್ಲ. ಕುಡಿತದಿಂದ ಹಾಳಾದ ಮನೆಗಳು ಪ್ರತಿ ಊರಿನಲ್ಲಿಯೂ ಇವೆ. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಕರ್ನಾಟಕದಲ್ಲಿ 1965ರ ಅಬಕಾರಿ ಕಾಯಿದೆಯಂತೆ ಅಪರಾಧವೂ ಹೌದು. ಗಮನಿಸಬೇಕಾದದ್ದು ಬೇರೆ: ಯಾವ ಸರ್ಕಾರದ ಇಲಾಖೆಯೂ ಕಲಿಸದ, ಬಹುಮಟ್ಟಿಗೆ ಮರೆತೇಹೋಗಿದ್ದ ಒಂದು ಮನೆವಿದ್ಯೆಯನ್ನು ಸಂಬಳವಿಲ್ಲದ ಕೆಲವು ಸ್ವಯಂಸೇವಕರು ಹೇಗೆ ಮತ್ತೆ ಕಟ್ಟಿದರು ಎಂಬುದು. ಆ ಕಥೆ ಅಮೆರಿಕದ್ದು. ಪಾಠ ಮಾತ್ರ ಜೇನುಪೆಟ್ಟಿಗೆಯಿರುವ ಎಲ್ಲ ಊರಿಗೂ ಸಲ್ಲುವಂಥದ್ದು.

ಅಮೆರಿಕದಲ್ಲಿ ಪಾನನಿಷೇಧ 1933ರಲ್ಲಿ ಕೊನೆಗೊಂಡರೂ ಮನೆಯಲ್ಲಿ ಬಿಯರ್ ತಯಾರಿಸುವವರಿಗೆ ಕಾನೂನಿನ ರಕ್ಷಣೆ ದೊರೆಯಲಿಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾಯಿದೆ ಮರುವರ್ಷ ಜಾರಿಗೆ ಬಂದಿತು. ವಯಸ್ಕರೊಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್, ತೆರಿಗೆಯಿಲ್ಲದೆ ಮಾಡಿಕೊಳ್ಳಲು ಅನುಮತಿ. ಮಾರಾಟಕ್ಕೆ ಮಾತ್ರ ಅವಕಾಶವಿಲ್ಲ. ಅದೇ 1978ರಲ್ಲಿ ಕೊಲರಾಡೊ ರಾಜ್ಯದ ಬೌಲ್ಡರ್ ಎಂಬ ಬೆಟ್ಟದ ತಪ್ಪಲಿನ ಊರಿನಲ್ಲಿ ಚಾರ್ಲಿ ಪಪೇಝಿಯನ್ ಎಂಬ ಶಾಲಾ ಶಿಕ್ಷಕರು ಗೆಳೆಯರೊಬ್ಬರ ಜೊತೆ ಸೇರಿ ಅಮೆರಿಕನ್ ಹೋಮ್‌ಬ್ರೂಯರ್ಸ್ ಅಸೋಸಿಯೇಷನ್ ಆರಂಭಿಸಿದರು. ಊರಿನವರಿಗೆ ಮನೆಯಲ್ಲಿ ಬಿಯರ್ ಮಾಡುವುದನ್ನು ಕಲಿಸುತ್ತಿದ್ದ ತರಗತಿಯೇ ಅದರ ಬೀಜ. ಬಿಯರಿನ ನೆರಳಿನಲ್ಲಿಯೇ ಮೀಡ್ ಮಾಡುವವರ ಚಿಕ್ಕ ಗುಂಪುಗಳೂ ಹುಟ್ಟಿಕೊಂಡವು.

ಈ ಗುಂಪುಗಳನ್ನು ನಡೆಸಿದವರು ಎಂಜಿನಿಯರು, ಶಿಕ್ಷಕರು, ನಿವೃತ್ತರು, ಜೇನು ಸಾಕುವವರು. ಹಗಲಿನ ಉದ್ಯೋಗ ಮುಗಿಸಿ ಸಂಜೆಯಲ್ಲಿ, ರಜೆಯಲ್ಲಿ ಇವರು ಮಾಡಿದ ಕೆಲಸವನ್ನು ನಾಲ್ಕು ಬಗೆಯಾಗಿ ನೋಡಬಹುದು.

ಮೊದಲನೆಯದು, ಹೊಸಬರ ಕೈ ಹಿಡಿಯುವುದು. ಮೀಡ್ ಮಾಡುವ ಕೆಲಸ ನೋಡಲು ಸುಲಭ: ಜೇನು, ನೀರು, ಯೀಸ್ಟ್, ಒಂದು ಗಾಜಿನ ಭರಣಿ. ಆದರೆ ಪಾತ್ರೆ ಶುಚಿಯಾಗಿರದಿದ್ದರೆ ಎಲ್ಲವೂ ಹಾಳು. ಹುದುಗು ಮುಗಿಯುವ ಮೊದಲೇ ಬಾಟಲಿಗೆ ತುಂಬಿ ಬಿಗಿದರೆ ಅನಿಲದ ಒತ್ತಡಕ್ಕೆ ಬಾಟಲಿ ಸಿಡಿದು ಕಣ್ಣಿಗೇ ಅಪಾಯ. ಹೈಡ್ರೋಮೀಟರಿನಲ್ಲಿ ಸಾಂದ್ರತೆಯನ್ನು ಅಳೆದು, ದಿನಗಳ ಅಂತರದಲ್ಲಿ ಮತ್ತೆ ಅಳೆದು, ಅಂಕಿ ಬದಲಾಗದೆ ನಿಂತುದನ್ನು ಕಂಡ ಮೇಲಷ್ಟೇ ಮುಂದಿನ ಹೆಜ್ಜೆ ಎಂಬ ಪಾಠವನ್ನು ಇವರು ಸಾವಿರ ಸಲ ಬೇಸರವಿಲ್ಲದೆ ಹೇಳಿದ್ದಾರೆ. ಪ್ರತಿ ಭರಣಿಗೂ ಒಂದು ದಾಖಲೆ ಪುಸ್ತಕ ಇರಬೇಕೆಂಬ ಶಿಸ್ತನ್ನೂ ಬೆಳೆಸಿದ್ದಾರೆ.

ಎರಡನೆಯದು, ತಪ್ಪನ್ನು ತಪ್ಪೆಂದು ಹೇಳುವುದು. ನೆಂಟರು ಕೊಟ್ಟ ಲೋಟವನ್ನು ಯಾರೂ ಚೆನ್ನಾಗಿಲ್ಲ ಎನ್ನುವುದಿಲ್ಲ. ಆದ್ದರಿಂದಲೇ ಮನೆವಿದ್ಯೆಗಳು ಒಂದೇ ಮಟ್ಟದಲ್ಲಿ ನಿಂತುಬಿಡುತ್ತವೆ. ಇದನ್ನು ಅರಿತೇ 1985ರಲ್ಲಿ ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಂ ಎಂಬ ವ್ಯವಸ್ಥೆ ಆರಂಭವಾಯಿತು. ಪರೀಕ್ಷೆ ಬರೆದು ಅರ್ಹತೆ ಪಡೆದ ತೀರ್ಪುಗಾರರು ಸಂಭಾವನೆಯಿಲ್ಲದೆ ಕುಳಿತು ಪ್ರತಿ ಮಾದರಿಗೂ 50 ಅಂಕಗಳ ಮಾಪನದಲ್ಲಿ ಬೆಲೆ ಕಟ್ಟುತ್ತಾರೆ. ಬಿಯರಿಗಾಗಿ ಹುಟ್ಟಿದ ಈ ವ್ಯವಸ್ಥೆಯಲ್ಲಿ ಮೀಡ್‌ಗೂ ಪ್ರತ್ಯೇಕ ಪರೀಕ್ಷೆಯಿದೆ. ಮುಖ್ಯವಾದದ್ದು ಅಂಕವಲ್ಲ, ತಯಾರಕರ ಹೆಸರು ಕಾಣದಂತೆ ರುಚಿ ನೋಡಿ, ದೋಷ ಯಾವುದು, ಅದು ಎಲ್ಲಿಂದ ಬಂದಿರಬಹುದು, ತಿದ್ದುವ ಬಗೆ ಹೇಗೆ ಎಂದು ಬರೆದು ಕಳಿಸುವ ಹಾಳೆ. ಮಿಶಿಗನ್‌ನಲ್ಲಿ ಹುಟ್ಟಿದ ಮೇಜರ್ ಕಪ್ ಎಂಬ ಮೀಡ್ ಸ್ಪರ್ಧೆಯನ್ನು ಕಟ್ಟಿದವರಲ್ಲಿ ಕೆನ್ ಶ್ರಾಮ್ ಪ್ರಮುಖರು. ಅವರ ದಿ ಕಂಪ್ಲೀಟ್ ಮೀಡ್‌ಮೇಕರ್ ಎಂಬ ಪುಸ್ತಕ 2003ರಲ್ಲಿ ಪ್ರಕಟವಾಯಿತು. ಹವ್ಯಾಸಿಗಳ ನಡುವೆ ಹರಡಿದ್ದ ಅನುಭವ ಒಂದೆಡೆ ಸೇರಿತು.

ಮೂರನೆಯದು, ತಮ್ಮದೇ ಹಳೆಯ ಪಾಠವನ್ನು ತಿದ್ದಿಕೊಳ್ಳುವುದು. ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಜೇನುನೀರನ್ನು ಕುದಿಸಬೇಕು, ಆಮೇಲೆ ವರ್ಷಗಟ್ಟಲೆ ಕಾಯಬೇಕು ಎಂಬುದು ಬಹುಕಾಲ ಪ್ರಚಲಿತವಾಗಿದ್ದ ನಿಯಮ. ಕುದಿಸಿದರೆ ಹೂವಿನ ಪರಿಮಳವೇ ಹಾರಿಹೋಗುತ್ತದೆ. ಇನ್ನು ಕಾಯಬೇಕಾಗುತ್ತಿದ್ದುದು ಬಹುಮಟ್ಟಿಗೆ ಯೀಸ್ಟಿನ ಹಸಿವಿನ ಫಲ. ಜೇನಿನಲ್ಲಿ ಸಕ್ಕರೆ ಹೇರಳ, ಸಾರಜನಕ ಅತ್ಯಲ್ಪ. ಉಪವಾಸವಿದ್ದ ಯೀಸ್ಟ್ ನಿಧಾನವಾಗಿ, ಕಟುವಾದ ವಾಸನೆಗಳನ್ನು ಬಿಡುತ್ತ ಕೆಲಸ ಮಾಡುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಜೇನುತಜ್ಞ ರೋಜರ್ ಮೋರ್ಸ್ ಯೀಸ್ಟಿಗೆ ಪೋಷಕಾಂಶ ಒದಗಿಸುವ ಬಗ್ಗೆ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿಯೇ ಸಂಶೋಧನೆ ನಡೆಸಿದ್ದರು. ಅದನ್ನು ಅಡುಗೆಮನೆಯವರೆಗೆ ತಂದವರು ಹವ್ಯಾಸಿ ಮುಂದಾಳುಗಳು. ಪೋಷಕಾಂಶವನ್ನು ಒಮ್ಮೆಲೇ ಸುರಿಯದೆ, ಮೊದಲ ಕೆಲವು ದಿನಗಳಲ್ಲಿ ಕಂತುಕಂತಾಗಿ ಕೊಡುವ ಪದ್ಧತಿ ಇಂದು ಸಾಮಾನ್ಯವಾಗಿದೆ. ಅಡಿಕೆಗೆ ಗೊಬ್ಬರವನ್ನು ಕಂತಿನಲ್ಲಿ ಕೊಡುವ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಕುದಿಸಬೇಕೆಂದು ಕಲಿಸಿದ್ದವರೇ ಕುದಿಸಬೇಡಿ ಎಂದು ಹೇಳಲು ಧೈರ್ಯ ಬೇಕು. ಗುರುವಿನ ಸ್ಥಾನಕ್ಕಿಂತ ವಿದ್ಯೆ ದೊಡ್ಡದು ಎಂದು ಒಪ್ಪಿದವರಿಗೆ ಮಾತ್ರ ಅದು ಸಾಧ್ಯ.

ನಾಲ್ಕನೆಯದು, ಕಾನೂನಿನ ಬಾಗಿಲು ತಟ್ಟುವುದು. ಕೇಂದ್ರದ ಕಾಯಿದೆ ಬಂದರೂ ಕೆಲವು ರಾಜ್ಯಗಳಲ್ಲಿ ನಿಷೇಧ ಉಳಿದಿತ್ತು. ಅಲಬಾಮಾ ಮತ್ತು ಮಿಸಿಸಿಪಿ ರಾಜ್ಯಗಳು ಮನೆತಯಾರಿಕೆಗೆ ಅನುಮತಿ ನೀಡಿದ್ದು 2013ರಲ್ಲಿ. ಅಲ್ಲಿನ ಹವ್ಯಾಸಿಗಳು ವರ್ಷ ವರ್ಷವೂ ಶಾಸಕರ ಬಳಿಗೆ ಹೋಗಿ, ಮಸೂದೆ ಬಿದ್ದಾಗ ಮರಳಿ ಬಂದು, ಮತ್ತೆ ಹೋದರು. ಕಾನೂನನ್ನು ಬಹಿರಂಗವಾಗಿ ಪ್ರಶ್ನಿಸಿ ತಿದ್ದಿಸಿಕೊಳ್ಳುವ ದಾರಿ ಇದು.

ಇಷ್ಟೆಲ್ಲದರ ತಳದಲ್ಲಿ ಇರುವುದು ಹುಳು. ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಮೀಡ್‌ಗೆ ಆರೇಳು ಕಿಲೋ ಜೇನು ಬೇಕು. ಮಲೆನಾಡಿನ ಎಷ್ಟೋ ತುಡುವೆ ಪೆಟ್ಟಿಗೆಗಳು ಇಡೀ ವರ್ಷದಲ್ಲಿ ಅಷ್ಟನ್ನು ಕೊಡುವುದಿಲ್ಲ. ಆದ್ದರಿಂದ ಒಳ್ಳೆಯ ಮುಂದಾಳು ಮೊದಲು ಕೇಳುವ ಪ್ರಶ್ನೆ, ಜೇನು ಯಾವ ಹೂವಿನದು, ಯಾರ ಪೆಟ್ಟಿಗೆಯದು ಎಂಬುದು. ಸಕ್ಕರೆ ಪಾಕ ಬೆರೆತ ಜೇನಿನಲ್ಲಿ ಆ ಹೂವಿನ ಗುರುತನ್ನು ಹುಡುಕಿ ಫಲವಿಲ್ಲ.

ಬಂಧುಗಳೇ, ದಕ್ಷಿಣ ಭಾರತದ ಜೇನುಕೃಷಿಯ ಬುಡದಲ್ಲಿಯೂ ಇಂಥ ಒಬ್ಬ ಗುರು ಇದ್ದಾರೆ. ತಿರುಚಿರಾಪಳ್ಳಿಯ ಪಾದ್ರಿ ನ್ಯೂಟನ್ ತುಡುವೆಗೆ ಹೊಂದುವ ಚಿಕ್ಕ ಪೆಟ್ಟಿಗೆಯೊಂದನ್ನು ರೂಪಿಸಿ, 1911ರಿಂದ 1917ರವರೆಗೆ ಹಳ್ಳಿಗರಿಗೆ ತರಬೇತಿ ನೀಡಿದರು. ನ್ಯೂಟನ್ ಪೆಟ್ಟಿಗೆ ಎಂಬ ಹೆಸರು ಇಂದಿಗೂ ಉಳಿದಿದೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಎರಗಿ ಮರಿಹುಳುಗಳು ಸತ್ತು ಪೆಟ್ಟಿಗೆಗಳು ಬರಿದಾದವು. ಆ ಹೊಡೆತದಲ್ಲಿ ಜೇನು ಸಾಕಣೆಯನ್ನೇ ಬಿಟ್ಟ ಮನೆಗಳು ಅನೇಕ. ಸಾಕುವುದನ್ನು ಬಿಟ್ಟ ಮನೆಯಲ್ಲಿ ಮುಂದಿನ ತಲೆಮಾರಿಗೆ ಆ ತಿಳಿವಳಿಕೆ ದಾಟುವುದಿಲ್ಲ. ಸ್ವಯಂಸೇವೆಯ ದೌರ್ಬಲ್ಯವೂ ಇದೇ: ಎಲ್ಲವನ್ನೂ ಒಬ್ಬರೇ ಹೊತ್ತರೆ ಅವರು ದಣಿದ ದಿನ ಗುಂಪೂ ನಿಲ್ಲುತ್ತದೆ. ಬರೆದಿಟ್ಟದ್ದು, ಇನ್ನೊಬ್ಬರಿಗೆ ಕಲಿಸಿದ್ದು ಮಾತ್ರ ಉಳಿಯುತ್ತದೆ.

ಹಾಗಾದರೆ ಬೆಟ್ಟದ ಊರುಗಳು ಮಾಡಬಹುದಾದದ್ದೇನು? ಇಲ್ಲಿ ಹುದುಗಿಸುವ ಭರಣಿ ಬೇಡ. ಹುದುಗದಂತೆ ಕಾಯುವ ವಿದ್ಯೆ ಬೇಕು. ಊರಿಗೊಂದು ರಿಫ್ರಾಕ್ಟೋಮೀಟರ್ ಇರಲಿ. ಒಂದು ಹನಿ ಜೇನಿನಲ್ಲಿ ನೀರಿನಂಶ ತಿಳಿಯುತ್ತದೆ. ಅದನ್ನು ನೋಡಲು ಬಲ್ಲ ಇಬ್ಬರು ಇರಲಿ, ಒಬ್ಬರು ಹಿರಿಯರು, ಒಬ್ಬರು ವಿದ್ಯಾರ್ಥಿ. ಯಾವ ತಿಂಗಳು ಯಾವ ಮರ ಹೂಬಿಟ್ಟಿತು, ಯಾವ ಪೆಟ್ಟಿಗೆಯ ಎರಿ ಎಷ್ಟು ಮುಚ್ಚಿತ್ತು, ನೀರಿನಂಶ ಎಷ್ಟಿತ್ತು ಎಂದು ಬರೆಯುವ ಒಂದು ಪುಸ್ತಕವಿರಲಿ. ಕೊನೆಯದಾಗಿ, ನೆರೆಯವರು ಬಾಟಲಿ ತಂದಾಗ ದಾಕ್ಷಿಣ್ಯ ಬಿಟ್ಟು, ಪ್ರೀತಿ ಬಿಡದೆ, "ಈ ಜೇನು ಇನ್ನೂ ಪಕ್ವವಾಗಿಲ್ಲ, ಎರಿಯನ್ನು ಇನ್ನೊಂದು ವಾರ ಬಿಡಬೇಕಿತ್ತು" ಎಂದು ಹೇಳಬಲ್ಲ ಒಬ್ಬರಾದರೂ ಇರಲಿ.

ಈ ಸಭೆಯಿಂದ ಎದ್ದು ಹೋಗುವಾಗ ಪ್ರತಿ ಊರೂ ಆ ಇಬ್ಬರ ಹೆಸರನ್ನು ಗೊತ್ತುಮಾಡಿಕೊಂಡು ಹೋದರೆ ಇಂದಿನ ಮಾತು ಸಾರ್ಥಕ.