ಕೊಂಡ ಆಟ ಯಾರದು?

ನಮ್ಮ ಮನೆಯ ಅಟ್ಟದ ಮೇಲೆ ಒಂದು ಅಳಗುಳಿಮಣೆಯಿದೆ. ಹಲಸಿನ ಮರದ್ದು, ಸಾಲಿಗೆ ಏಳರಂತೆ ಎರಡು ಸಾಲು ಗುಳಿಗಳು. ನಮ್ಮ ಅಜ್ಜಿ ತವರಿನಿಂದ ತಂದದ್ದು. ಅದನ್ನು ಕೆತ್ತಿದ ಬಡಗಿ ಯಾರೋ, ಯಾವ ಊರಿನವನೋ, ಈಗ ಹೇಳಬಲ್ಲವರಿಲ್ಲ. ಬಡಗಿ ಹೋದ, ಅಜ್ಜಿಯೂ ಹೋದರು. ಮಣೆ ಮಾತ್ರ ಉಳಿದಿದೆ. ಕಳೆದ ಬೇಸಗೆಯಲ್ಲಿ ಮನೆಗೆ ಬಂದಿದ್ದ ನನ್ನ ಅಕ್ಕನ ಮಗ ಅದನ್ನು ಕೆಳಗಿಳಿಸಿ ಧೂಳು ಒರೆಸಿದ. ಹುಣಿಸೆಬೀಜ ತುಂಬಿದ್ದೇ ತಡ, ಆಟ ಮೊದಲಾಯಿತು. ಯಾರ ಅಪ್ಪಣೆಯನ್ನೂ ಕೇಳಬೇಕಾಗಲಿಲ್ಲ.

ಎರಡು ಆಟ ಮುಗಿದ ಮೇಲೆ ಹುಡುಗ ಒಂದು ಮಾತು ಹೇಳಿದ: “ಮಾವ, ಅಜ್ಜಿಯ ಮಣೆ ಇನ್ನೂ ಬದುಕಿದೆ. ನಾನು ಕಾಲೇಜಿನಲ್ಲಿದ್ದಾಗ ದುಡ್ಡು ಕೂಡಿಸಿ ಕೊಂಡ ಆಟ ಆಗಲೇ ಸತ್ತುಹೋಯಿತು.”

ನನಗೆ ಅರ್ಥವಾಗಲಿಲ್ಲ. ಮುರಿಯಿತೆ, ಕಳೆಯಿತೆ, ಎಂದು ಕೇಳಿದೆ. ಎರಡೂ ಅಲ್ಲವಂತೆ. ಅವನು ಕೊಂಡದ್ದು ಕಂಪ್ಯೂಟರಿನಲ್ಲಿ ಆಡುವ ಆಟ. ಅವನ ಯಂತ್ರ ಚೆನ್ನಾಗಿಯೇ ಇದೆ, ಆಟವೂ ಅದರೊಳಗೇ ಇದೆ. ಆದರೆ ಆಟ ಶುರುವಾಗಬೇಕಾದರೆ, ಮಾಡಿದ ಕಂಪೆನಿಯವರ ಯಂತ್ರವೊಂದು ದೂರದಿಂದ ‘ಆಗಲಿ’ ಎನ್ನಬೇಕು. ಆ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಲಾಭ ಸಾಲದೆಂದು ಕಂಪೆನಿಯವರು ಒಂದು ದಿನ ಸರ್ವರನ್ನು ನಿಲ್ಲಿಸಿದರು. ಅಂದಿನಿಂದ ಆಟ ಕಣ್ಣು ಬಿಡಲಿಲ್ಲ.

“ಆಟ ತಾನೆ, ಹೋದರೆ ಹೋಯಿತು” ಎಂದು ನಾನೂ ಮೊದಲು ಅಂದುಕೊಂಡೆ. ಕೇಳುತ್ತಿರುವ ತಮ್ಮಲ್ಲಿಯೂ ಅನೇಕರು ಹಾಗೆ ಅಂದುಕೊಂಡಿರಬಹುದು. ಆದರೆ ವಿಷಯವನ್ನು ಸ್ವಲ್ಪ ಕೆದಕಿ ನೋಡಿದಾಗ, ಇದು ಹುಡುಗರ ಆಟದ ಜಗಳವಲ್ಲ, ‘ನನ್ನದು’ ಎಂಬ ಮಾತಿನ ಅರ್ಥಕ್ಕೇ ಬಂದಿರುವ ಸಂಕಟ, ಎಂದು ತೋರಿತು. ಆ ಸಂಗತಿಯನ್ನು ತಮ್ಮ ಮುಂದಿಡಬೇಕೆಂಬುದೇ ಇಂದಿನ ಉದ್ದೇಶ.

ಜಗತ್ತಿಗೆಲ್ಲ ಗೊತ್ತಾದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಯೂಬಿಸಾಫ್ಟ್ ಎಂಬುದು ಫ್ರಾನ್ಸ್ ದೇಶದ ದೊಡ್ಡ ಕಂಪೆನಿ. ೨೦೧೪ರ ಡಿಸೆಂಬರಿನಲ್ಲಿ ಅದು ‘ದಿ ಕ್ರೂ’ ಎಂಬ ಕಾರು ಓಟದ ಆಟವನ್ನು ಮಾರಾಟಕ್ಕೆ ತಂದಿತು. ಅಮೆರಿಕ ದೇಶವನ್ನೇ ಕಿರಿದು ಮಾಡಿ ಪರದೆಯ ಮೇಲೆ ಹರಡಿದ್ದರು. ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯವರೆಗೆ ಗಾಡಿ ಓಡಿಸಬಹುದಾಗಿತ್ತು. ಒಬ್ಬನೇ ಕುಳಿತು ಆಡುವಾಗಲೂ ಕಂಪೆನಿಯ ಸರ್ವರಿನ ಸಂಪರ್ಕ ಇರಲೇಬೇಕಾಗಿತ್ತು. ೨೦೨೩ರ ಡಿಸೆಂಬರಿನಲ್ಲಿ ಮಾರಾಟ ನಿಂತಿತು. ೨೦೨೪ರ ಮಾರ್ಚ್ ೩೧ರಂದು ಸರ್ವರುಗಳೂ ನಿಂತವು. ಹತ್ತು ವರ್ಷವೂ ತುಂಬಿರಲಿಲ್ಲ. ಆ ಮೇಲೆ ಕೆಲವರ ಖಾತೆಯಿಂದ ಆಟವನ್ನು ಉಪಯೋಗಿಸುವ ಹಕ್ಕನ್ನೂ ತೆಗೆದುಹಾಕಿದರು. ಅಂಗಡಿಯವನು ಬೀಗ ಹಾಕಿಕೊಂಡು ಹೋದದ್ದಷ್ಟೇ ಅಲ್ಲ, ಗಿರಾಕಿಯ ಮನೆಗೂ ಬಂದು ಹೋದಂತಾಯಿತು.

ಕಂಪೆನಿಗಳ ವಕೀಲರನ್ನು ಕೇಳಿದರೆ ಅವರ ಉತ್ತರ ಸಿದ್ಧವಾಗಿದೆ: “ನಾವು ಮಾರಿದ್ದು ಆಟವನ್ನಲ್ಲ, ಆಡುವ ಪರವಾನಗಿಯನ್ನು. ಬೇಕಾದರೆ ಕರಾರು ಓದಿ ನೋಡಿ.” ಕರಾರು ಇರುವುದೇನೋ ನಿಜ. ಹತ್ತಾರು ಪುಟಗಳ, ಯಾರೂ ಓದದ ಕರಾರು. ಒಪ್ಪಿದೆ ಎಂದು ಗುಂಡಿ ಒತ್ತದಿದ್ದರೆ ಆಟ ತೆರೆಯುವುದಿಲ್ಲ. ಆದರೆ ಹಣ ಕೊಡುವ ಜಾಗದಲ್ಲಿ ಬರೆದಿದ್ದ ಮಾತು ಯಾವುದು? ‘ಕೊಳ್ಳಿ’ ಎಂದು. ‘ನಮಗೆ ಮನಸ್ಸಿರುವವರೆಗೆ ಇಟ್ಟುಕೊಳ್ಳಿ’ ಎಂದು ಯಾರೂ ಬರೆದಿರಲಿಲ್ಲ.

ಪರವಾನಗಿ ಎಂಬ ಮಾತು ರೇಡಿಯೋ ಕೇಳುವ ನಮಗೆ ಹೊಸದಲ್ಲ. ಹಿಂದೆ ಮನೆಯಲ್ಲಿ ರೇಡಿಯೋ ಇಟ್ಟವರು ವರ್ಷ ವರ್ಷವೂ ಅಂಚೆಕಚೇರಿಗೆ ಹೋಗಿ ಶುಲ್ಕ ಕಟ್ಟಿ, ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. ಆ ಶುಲ್ಕ ಪರವಾನಗಿಯದು ಎಂಬುದು ಎಲ್ಲರಿಗೂ ಗೊತ್ತಿತ್ತು; ಅದನ್ನು ಯಾರೂ ಮಾರಾಟವೆಂದು ಕರೆಯಲಿಲ್ಲ. ರೇಡಿಯೋ ಪೆಟ್ಟಿಗೆ ಮಾತ್ರ ನಮ್ಮದು. ಅದನ್ನು ಮಾಡಿದ ಕಂಪೆನಿ ಮುಚ್ಚಿಹೋದರೂ ಪೆಟ್ಟಿಗೆ ಹಾಡುತ್ತಿತ್ತು. ಕೆಟ್ಟರೆ ಬೀದಿಯ ಕೊನೆಯ ರಿಪೇರಿಯವನು ಬಿಚ್ಚಿ ಸರಿಮಾಡುತ್ತಿದ್ದ. “ಹೊಸ ಮಾದರಿ ಬಂದಿದೆ, ಹಳೆಯದು ನಾಳೆಯಿಂದ ಮೂಕವಾಗತಕ್ಕದ್ದು” ಎಂದು ಮಾಡಿದವನು ದೂರದಿಂದ ಅಪ್ಪಣೆ ಮಾಡುವಂತಿದ್ದರೆ, ನಮ್ಮ ಹಿರಿಯರು ಅಂಥ ಪೆಟ್ಟಿಗೆಯನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿದ್ದರೆ?

ಇಲ್ಲಿ ನ್ಯಾಯವಾದ ಒಂದು ಆಕ್ಷೇಪಣೆಯಿದೆ. ನಾಟಕ ನೋಡಲು ಟಿಕೆಟು ಕೊಳ್ಳುತ್ತೇವೆ. ನಾಟಕ ಮುಗಿದ ಮೇಲೆ ರಂಗಭೂಮಿ ನಮ್ಮದಾಗುವುದಿಲ್ಲ. ವಾಚನಾಲಯಕ್ಕೆ ತಿಂಗಳ ಚಂದಾ ಕೊಡುತ್ತೇವೆ. ಚಂದಾ ನಿಂತರೆ ಪುಸ್ತಕವೂ ನಿಲ್ಲುತ್ತದೆ. ಅದರಲ್ಲಿ ಮೋಸವಿಲ್ಲ. ತಿಂಗಳಿಗಿಷ್ಟು ಎಂದು ಹೇಳಿ ಆಡಿಸುವ ಆಟಗಳ ಮೇಲೆ ನನ್ನ ದೂರೂ ಇಲ್ಲ. ಟಿಕೆಟನ್ನು ಟಿಕೆಟೆಂದು ಹೇಳಿ ಮಾರುವುದು ವ್ಯಾಪಾರ. ಟಿಕೆಟನ್ನು ಕ್ರಯಪತ್ರದಂತೆ ತೋರಿಸಿ ಮಾರುವುದಕ್ಕೆ ಬೇರೆ ಹೆಸರಿದೆ. ಅದನ್ನು ನಾನು ಹೇಳಬೇಕಾಗಿಲ್ಲ.

ಈ ರೋಗ ಆಟಗಳಲ್ಲಿಯೇ ನಿಂತಿಲ್ಲ. ೨೦೦೯ರ ಜುಲೈ ತಿಂಗಳಲ್ಲಿ ಅಮೆಜಾನ್ ಕಂಪೆನಿಯವರು ತಮ್ಮ ಕಿಂಡಲ್ ಎಂಬ ಓದುವ ಯಂತ್ರಗಳಿಂದ ಜನ ಕೊಂಡಿದ್ದ ಪುಸ್ತಕಗಳನ್ನು ಹೇಳದೆ ಕೇಳದೆ ಅಳಿಸಿಹಾಕಿದರು. ಆ ಪುಸ್ತಕಗಳನ್ನು ಮಾರಲು ಹಕ್ಕಿಲ್ಲದವರು ಅಂಗಡಿಗೆ ಸೇರಿಸಿದ್ದರು ಎಂಬುದು ಕಾರಣ. ಹಣವನ್ನು ಹಿಂದಕ್ಕೆ ಕೊಟ್ಟರು. ಆಮೇಲೆ ಕ್ಷಮೆಯನ್ನೂ ಕೇಳಿದರು. ಆದರೆ ಪುಸ್ತಕದ ಜೊತೆಗೆ ಓದಿನ ಟಿಪ್ಪಣಿಗಳ ಉಪಯೋಗವನ್ನೂ ಕಳೆದುಕೊಂಡ ವಿದ್ಯಾರ್ಥಿಯೊಬ್ಬ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಹಾಗೆ ಮಾಯವಾದ ಪುಸ್ತಕಗಳಲ್ಲಿ ಒಂದು ಯಾವುದು ಗೊತ್ತೆ? ಜಾರ್ಜ್ ಆರ್ವೆಲ್ಲನ ‘೧೯೮೪’. ಸರ್ಕಾರವೊಂದು ಹಳೆಯ ಕಾಗದಪತ್ರಗಳನ್ನು ಸುಟ್ಟು ಚರಿತ್ರೆಯನ್ನೇ ತಿದ್ದುವ ಕಥೆ ಅದು. ವಿಧಿಗೂ ವಿನೋದವುಂಟು.

ಯಂತ್ರದ ಆಟವೆಂದರೆ ಸಾಯಲೇಬೇಕೆಂದು ನಿಯಮವೇನೂ ಇಲ್ಲ. ೧೯೬೨ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಎಂಬ ತರುಣನೂ ಅವನ ಗೆಳೆಯರೂ ಸೇರಿ ‘ಸ್ಪೇಸ್‌ವಾರ್’ ಎಂಬ ಆಟವನ್ನು ಕಟ್ಟಿದರು. ನಡುವೆ ಒಂದು ನಕ್ಷತ್ರ, ಅದರ ಸೆಳೆತಕ್ಕೆ ಸಿಕ್ಕದಂತೆ ಸುತ್ತುತ್ತ ಒಂದನ್ನೊಂದು ಹೊಡೆಯುವ ಎರಡು ಹಡಗುಗಳು. ಅದು ಓಡುತ್ತಿದ್ದುದು ಬೀರುಗಳಷ್ಟು ದೊಡ್ಡದಾದ ಪಿಡಿಪಿ-೧ ಎಂಬ ಗಣಕಯಂತ್ರದಲ್ಲಿ. ತೂತು ಹೊಡೆದ ಕಾಗದದ ಪಟ್ಟಿಯ ಮೇಲೆ ಆ ಆಟ ಒಂದು ಪ್ರಯೋಗಶಾಲೆಯಿಂದ ಇನ್ನೊಂದಕ್ಕೆ ಹೋಯಿತು. ಕೇಳಿದವರಿಗೆ ಕೊಟ್ಟರು, ಬೇಕಾದವರು ತಿದ್ದಿದರು. ಕ್ಯಾಲಿಫೋರ್ನಿಯದ ಕಂಪ್ಯೂಟರ್ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ ಅಂಥ ಯಂತ್ರವೊಂದನ್ನು ಶ್ರಮಪಟ್ಟು ದುರಸ್ತಿ ಮಾಡಿ, ಅದೇ ಆಟವನ್ನು ಬಂದವರ ಕೈಯಲ್ಲಿ ಆಡಿಸಿದ್ದಾರೆ. ೧೯೬೨ರ ಆಟ ಬದುಕಿದೆ. ೨೦೧೪ರ ಆಟಕ್ಕೆ ಅದರ ಒಡೆಯರೇ ತೆರೆ ಎಳೆದರು. ವಿಜ್ಞಾನ ಮುಂದಕ್ಕೆ ಹೋಗಿದೆ ಎನ್ನುತ್ತೇವೆ. ಹೋಗಿದೆ, ಸಂದೇಹವಿಲ್ಲ, ಆದರೆ ಬೀಗದ ವಿಜ್ಞಾನ ಎಲ್ಲಕ್ಕಿಂತ ಮುಂದೆ ಹೋಗಿದೆ.

ನಮ್ಮ ಮೈಸೂರಿನಲ್ಲಿಯೂ ಆಟಗಳ ಬಗ್ಗೆ ಆಸ್ಥೆ ತೋರಿದ ದೊರೆಯೊಬ್ಬರಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗ, ಪಗಡೆ ಮೊದಲಾದವನ್ನು ಪ್ರೀತಿಸಿದ್ದಲ್ಲದೆ ಹೊಸ ಮಣೆಯಾಟಗಳನ್ನೂ ಕಲ್ಪಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳ ವಿಷಯವಿದೆ. ೧೮೬೮ರಲ್ಲಿ ಅವರು ಕಾಲವಾದರು. ಆದರೂ ಆ ಆಟಗಳನ್ನು ಅರಿಯಬೇಕೆನ್ನುವವರು ಇಂದಿಗೂ ಹುಡುಕಿ ನೋಡಬಹುದು. ಅರಮನೆಯ ಬಾಗಿಲು ಮುಚ್ಚಿದೊಡನೆ ಮಣೆಯ ಮನೆಗಳು ಅಳಿಸಿಹೋಗಲಿ ಎಂಬ ಕಟ್ಟಳೆಯನ್ನು ಅರಸರೇ ಮಾಡಲಿಲ್ಲ.

ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಎಂಬ ಸಂಸ್ಥೆ ೨೦೨೩ರಲ್ಲಿ ಒಂದು ಲೆಕ್ಕ ತೆಗೆಯಿತು. ೨೦೧೦ಕ್ಕೆ ಮುಂಚೆ ಆ ದೇಶದಲ್ಲಿ ಹೊರಬಂದ ಆಟಗಳಲ್ಲಿ ನೂರಕ್ಕೆ ೮೭ರಷ್ಟು ಇಂದು ಅಂಗಡಿಯಲ್ಲಿ ಸಿಕ್ಕುವುದಿಲ್ಲವೆಂದು ತಿಳಿದುಬಂತು. ಹಾಗಾದರೆ ಗ್ರಂಥಭಂಡಾರಗಳಾದರೂ ಇಂಥ ಹಳೆಯ ಆಟಗಳನ್ನು ದೂರದ ಸಂಶೋಧಕರಿಗೆ ಒದಗಿಸಲಿ ಎಂದು ಕೇಳಿದಾಗ, ಅಲ್ಲಿನ ಕೃತಿಸ್ವಾಮ್ಯದ ಕಚೇರಿ ೨೦೨೪ರ ಅಕ್ಟೋಬರಿನಲ್ಲಿ ಒಪ್ಪಲಿಲ್ಲ. ಓದುವ ನೆಪದಲ್ಲಿ ಜನ ಆಡಿಬಿಟ್ಟಾರು ಎಂಬ ಭಯ! ಕಾದಂಬರಿಯನ್ನು ಓದಿ ಯಾರಾದರೂ ಸಂತೋಷಪಟ್ಟಾರೆಂದು ಗ್ರಂಥಭಂಡಾರವನ್ನು ಮುಚ್ಚಿದ ಹಾಗಾಯಿತು.

ಇಷ್ಟಾದ ಮೇಲೆ ಆಟಗಾರರು ಸುಮ್ಮನೆ ಕೂರಲಿಲ್ಲ ಎಂಬುದು ನನಗೆ ಸಮಾಧಾನ ತಂದ ಸಂಗತಿ. ಸದಾ ಪರದೆಗೆ ಅಂಟಿಕೊಂಡ ಹುಡುಗರಿಗೆ ರಾಜಕೀಯ ಪ್ರಜ್ಞೆಯಿಲ್ಲವೆಂದು ನಾವು ಹಿರಿಯರು ಆಗಾಗ್ಗೆ ಹೇಳುತ್ತೇವೆ. ೨೦೨೪ರ ಏಪ್ರಿಲಿನಲ್ಲಿ ರಾಸ್ ಸ್ಕಾಟ್ ಎಂಬ ಅಮೆರಿಕನ್ನನು ‘ಆಟಗಳನ್ನು ಕೊಲ್ಲುವುದನ್ನು ನಿಲ್ಲಿಸಿ’ ಎಂಬ ಚಳವಳಿಯನ್ನು ಹೂಡಿದ. ಯೂರೋಪಿನ ಒಕ್ಕೂಟದಲ್ಲಿ ಒಂದು ಪದ್ಧತಿಯಿದೆ: ಒಂದು ವರ್ಷದೊಳಗೆ ಹತ್ತು ಲಕ್ಷ ಪ್ರಜೆಗಳು ಸಹಿ ಹಾಕಿದ ಅರ್ಜಿಗೆ ಅಲ್ಲಿನ ಆಯೋಗ ಉತ್ತರ ಕೊಡಲೇಬೇಕು. ಕಾನೂನನ್ನೇ ಮಾಡಬೇಕೆಂಬ ನಿರ್ಬಂಧವಿಲ್ಲ, ಉತ್ತರ ಕೊಡಬೇಕು. ೨೦೨೫ರ ಜುಲೈ ತಿಂಗಳಲ್ಲಿ ಆಟಗಾರರ ಅರ್ಜಿಯ ಸಹಿಗಳು ಹತ್ತು ಲಕ್ಷವನ್ನು ದಾಟಿದವು. ಬ್ರಿಟನ್ನಿನಲ್ಲಿಯೂ ಸಹಿಗಳು ಒಂದು ಲಕ್ಷವನ್ನು ಮೀರಿ, ೨೦೨೫ರ ನವೆಂಬರಿನಲ್ಲಿ ಪಾರ್ಲಿಮೆಂಟಿನಲ್ಲಿ ಚರ್ಚೆಯಾಯಿತು. ಕಾನೂನು ಬದಲಿಸುವ ಯೋಚನೆಯಿಲ್ಲವೆಂದು ಅಲ್ಲಿನ ಸರ್ಕಾರ ಹೇಳಿತು. ಹೇಳಲಿ. ಒಂದು ಕಾರು ಓಟದ ಆಟದಿಂದ ಹೊರಟ ಮಾತು ಶಾಸನಸಭೆಯವರೆಗೆ ಹೋಯಿತಲ್ಲ, ಅದೇನು ಸಣ್ಣ ಪಾಠವೆ?

ಕಂಪೆನಿಗಳ ವಾದವನ್ನೂ ಕೇಳಬೇಕು. ಸರ್ವರ್ ನಡೆಸುವುದಕ್ಕೆ ಖರ್ಚಿದೆ, ಆಡುವವರು ನಾಲ್ಕು ಮಂದಿ ಉಳಿದಾಗ ಎಷ್ಟು ದಿನ ನಡೆಸುವುದು, ಎನ್ನುತ್ತಾರೆ. ಒಪ್ಪತಕ್ಕ ಮಾತು. ಆಟಗಾರರೇ ಸರ್ವರ್ ನಡೆಸಿಕೊಂಡರೆ ಅಲ್ಲಿ ನಡೆಯುವ ಅನಾಚಾರಕ್ಕೆ ಹೊಣೆ ಯಾರು, ಜನರ ಖಾಸಗಿ ವಿವರಗಳಿಗೆ ರಕ್ಷಣೆಯೇನು, ಎನ್ನುತ್ತಾರೆ. ಅದೂ ಯೋಚಿಸತಕ್ಕದ್ದೇ. ಆದರೆ ಆಟಗಾರರು ಕೇಳುತ್ತಿರುವುದು ಕೊನೆಯಿಲ್ಲದ ಸೇವೆಯನ್ನಲ್ಲ. ‘ನೀವು ಹೋಗುವಾಗ ಬೀಗದ ಕೈಯನ್ನು ನಮಗೆ ಕೊಟ್ಟುಹೋಗಿ’ ಎಂದಷ್ಟೇ. ಅದು ಆಗದ ಮಾತೂ ಅಲ್ಲ. ‘ಡೂಮ್’ ಎಂಬ ಪ್ರಸಿದ್ಧ ಆಟವನ್ನು ೧೯೯೩ರಲ್ಲಿ ತಂದ ಇಡ್ ಸಾಫ್ಟ್‌ವೇರ್ ಕಂಪೆನಿ ೧೯೯೭ರಲ್ಲಿ ಅದರ ಮೂಲ ಬರಹವನ್ನೇ ಎಲ್ಲರಿಗೂ ಬಿಟ್ಟುಕೊಟ್ಟಿತು. ಆ ಆಟ ಇಂದಿಗೂ ಬಗೆಬಗೆಯ ಯಂತ್ರಗಳಲ್ಲಿ ಓಡುತ್ತದೆ. ಕಂಪೆನಿಯೇನೂ ಬೀದಿಗೆ ಬೀಳಲಿಲ್ಲ. ಯೂಬಿಸಾಫ್ಟಿನವರೇ ‘ದಿ ಕ್ರೂ’ವಿನ ಎರಡನೆಯ ಆಟಕ್ಕೆ, ಸರ್ವರಿನ ಹಂಗಿಲ್ಲದೆ ಆಡುವ ಏರ್ಪಾಟನ್ನು ೨೦೨೫ರಲ್ಲಿ ಮಾಡಿಕೊಟ್ಟರು. ಕೂಗಿದ್ದರಿಂದ ಆಯಿತು, ಕೂಗದಿದ್ದರೆ ಆಗುತ್ತಿತ್ತೆ?

ಕ್ಯಾಲಿಫೋರ್ನಿಯ ರಾಜ್ಯದವರು ೨೦೨೫ರ ಜನವರಿ ೧ರಿಂದ ಒಂದು ಕಾನೂನನ್ನು ಜಾರಿಗೆ ತಂದರು. ಪರವಾನಗಿಯನ್ನಷ್ಟೇ ಕೊಡುವ ಅಂಗಡಿಯವರು ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂಬ ಮಾತನ್ನು ಬಳಸುವಂತಿಲ್ಲ. ಇದರಿಂದ ಒಂದು ಆಟವೂ ಉಳಿಯಲಾರದು, ನಿಜ. ಆದರೆ ಮಾತಿಗೆ ಅದರ ಅರ್ಥವನ್ನು ಹಿಂದಕ್ಕೆ ಕೊಡಿಸುವುದು ನ್ಯಾಯದ ಮೊದಲ ಮೆಟ್ಟಿಲು. ನಮ್ಮ ಸಂಸತ್ತು ೨೦೨೫ರ ಆಗಸ್ಟಿನಲ್ಲಿ ಆನ್‌ಲೈನ್ ಆಟಗಳ ಮೇಲೊಂದು ಕಾಯಿದೆ ಮಾಡಿತು. ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವುದು ಅದರ ಮುಖ್ಯ ಗುರಿ. ಪಣದ ಆಟದಲ್ಲಿ ಮನೆಗಳು ಹಾಳಾಗುವುದನ್ನು ಕಂಡವರು ಅದರ ಅಗತ್ಯವನ್ನು ಬಲ್ಲರು. ಆದರೆ ಪಣವಿಲ್ಲದ ಆಟವನ್ನು ಪ್ರಾಮಾಣಿಕವಾಗಿ ದುಡ್ಡು ಕೊಟ್ಟು ಕೊಂಡವನ ಪಾಡೇನು? ಆ ಪ್ರಶ್ನೆಯನ್ನೂ ನಮ್ಮಲ್ಲಿ ಯಾರಾದರೂ ಗಟ್ಟಿಯಾಗಿ ಕೇಳಬೇಕು.

ನನ್ನ ಅಭಿಪ್ರಾಯ ಇಷ್ಟು. ಬಾಡಿಗೆಯಾದರೆ ಬಾಡಿಗೆಯೆಂದೇ ಹೇಳಲಿ, ಎಷ್ಟು ಕಾಲಕ್ಕೆ ಎಂಬುದನ್ನೂ ಬರೆಯಲಿ. ಮಾರಿದ್ದಾದರೆ, ಅಂಗಡಿ ಮುಚ್ಚುವ ದಿನ ಕೊಂಡವನ ಕೈಯಲ್ಲಿ ಆಟ ಉಳಿಯುವಂತೆ ಮಾಡಿಹೋಗಲಿ. ಒಂದೊಂದು ಪ್ರತಿಯಾದರೂ ಗ್ರಂಥಭಂಡಾರದಲ್ಲಿ, ಆಡಿ ನೋಡುವ ಸ್ಥಿತಿಯಲ್ಲಿ, ಮುಂದಿನವರಿಗೆ ಇರಲಿ. ಇಂದು ಆಟದ ಮಾತು. ನಾಳೆ ಹಾಡಿನದು, ಪುಸ್ತಕದ್ದು, ಮನೆಯ ಮಕ್ಕಳ ಚಿತ್ರಗಳದು ಆಗಬಹುದು.

ರಜ ಮುಗಿದು ಊರಿಗೆ ಹೊರಡುವ ದಿನ ಅಕ್ಕನ ಮಗ ಅಳಗುಳಿಮಣೆಯನ್ನು ಕೇಳಿದ. “ಇದನ್ನು ನಾನು ತೆಗೆದುಕೊಂಡು ಹೋಗಲೆ, ಮಾವ?” ಎಂದ. ಹಳೆಯ ಸೀರೆಯ ತುಂಡೊಂದರಲ್ಲಿ ಸುತ್ತಿ ಕೊಟ್ಟೆ. ಯಾವ ಕರಾರಿಗೂ ಅವನು ಸಹಿ ಹಾಕಬೇಕಾಗಲಿಲ್ಲ. ಹುಣಿಸೆಬೀಜ ಮಾತ್ರ ಅಲ್ಲಿಯೇ ಹುಡುಕಿಕೋ ಎಂದು ಹೇಳಿ ಕಳಿಸಿದೆ.