ಮಂಜೂರಾತಿ ಕಾಗದದಿಂದ ಮನೆ ಬಾಗಿಲವರೆಗೆ

(ರಜತ ಮಹೋತ್ಸವದ ಸಭೆಯಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಸಂಘದ ಠೇವಣಿ, ಸಾಲ, ಲಾಭದ ಲೆಕ್ಕವನ್ನು ಕಾರ್ಯದರ್ಶಿಗಳು ಈಗಾಗಲೇ ಓದಿದ್ದಾರೆ. ನಾವು ಬೇರೊಂದು ಲೆಕ್ಕ ಹೇಳಲು ನಿಂತಿದ್ದೇವೆ. ಮನೆ ಮಂಜೂರಾಗಿಯೂ ಸೋಗೆ ಮಾಡಿನ ಕೆಳಗೆ, ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಮಳೆಗಾಲ ಕಳೆಯುವ ನಮ್ಮೂರ ಸಂಸಾರಗಳ ಲೆಕ್ಕ ಅದು.

ಬಡವರಿಗೆ ಸೂರು ಕೊಡುವ ಕೆಲಸ ಹೊಸದೇನಲ್ಲ. ದೇವರಾಜ ಅರಸರ ಕಾಲದ ಜನತಾ ಮನೆಗಳು ಹಿರಿಯರಿಗೆ ನೆನಪಿವೆ. 1985ರಲ್ಲಿ ಇಂದಿರಾ ಆವಾಸ್, 1991-92ರಲ್ಲಿ ಆಶ್ರಯ ಯೋಜನೆ ಬಂದವು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. ಆಮೇಲೆ ಬಸವ ವಸತಿ, 2016ರಲ್ಲಿ ಪ್ರಧಾನಮಂತ್ರಿ ಆವಾಸ್. ಹೆಸರು ಬದಲಾಯಿತು, ಮಂಜೂರಾತಿಗೂ ಗೃಹಪ್ರವೇಶಕ್ಕೂ ನಡುವಿನ ದಾರಿ ಮಾತ್ರ ಹಾಗೇ ಉಳಿಯಿತು.

ಆ ದಾರಿ ಎಂಥದ್ದು ನೋಡಿ. ಗ್ರಾಮಸಭೆಯಲ್ಲಿ ಫಲಾನುಭವಿಯ ಆಯ್ಕೆಯಾಗಬೇಕು. ಮೇಲಿನಿಂದ ಅನುಮೋದನೆ ಬರಬೇಕು. ಆಮೇಲೆ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ನಾಲ್ಕು ಹಂತ. ರಾಜ್ಯದ ಯೋಜನೆಗಳಲ್ಲಿ ಹಂತ ಮುಗಿಸಿ ಫೋಟೋ ಏರಿಸಿದ ಮೇಲೆ ಹಣ ಖಾತೆಗೆ ಬೀಳುತ್ತದೆ. ಅಂದರೆ ಮೊದಲು ನಮ್ಮ ಕೈಯಿಂದ ಹಾಕಬೇಕು. ದಿನಗೂಲಿಯವರು ಎಲ್ಲಿಂದ ತರೋದು?

ಇನ್ನು ನಮ್ಮ ಮಲೆನಾಡಿನ ಪಾಡು ಬೇರೆ. 2016ರ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ 1 ಲಕ್ಷ 20 ಸಾವಿರ, ಗುಡ್ಡಗಾಡು ರಾಜ್ಯಗಳಿಗೆ 1 ಲಕ್ಷ 30 ಸಾವಿರ ಎಂದು ನಿಗದಿಯಾಯಿತು. ನಾವಿರುವುದು ಗುಡ್ಡದ ಮೇಲೆ, ಲೆಕ್ಕ ಮಾತ್ರ ಬಯಲಿನದು. ಲಾರಿ ಹೋಗದ ಕಡೆ ಕಲ್ಲು, ಮರಳನ್ನು ತಲೆಹೊರೆಯಲ್ಲೇ ಸಾಗಿಸಬೇಕು. ಆರಿದ್ರಾ ಮಳೆ ಹಿಡಿದರೆ ತೋಡಿದ ತಳಪಾಯ ಕೆರೆಯಾಗುತ್ತದೆ. ಮಳೆ ಬಿಟ್ಟರೆ ಅಡಿಕೆ ಕೊಯ್ಲು, ಆಗ ಆಳು ಸಿಗುವುದಿಲ್ಲ. ಕಟ್ಟಲು ಉಳಿಯುವುದು ನಾಲ್ಕೈದು ತಿಂಗಳು. ಏಪ್ರಿಲ್ ಕೊನೆಗೆ ಆದೇಶ ಬಂದರೆ ಒಂದು ವರ್ಷ ಹೋದಂತೆಯೇ.

ಎಲ್ಲಕ್ಕೂ ಮೊದಲು ಜಾಗ ಬೇಕಲ್ಲ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡವರಿಗೆ ಭೂಕಂದಾಯ ಕಾಯ್ದೆಯ 94ಸಿ ಅಡಿ ಹಕ್ಕುಪತ್ರ ಕೊಡುವ ದಾರಿ ಇದೆ. ಆದರೆ ಜಾಗ ಅರಣ್ಯ ಎಂದು ದಾಖಲಾಗಿದ್ದರೆ ಅದೂ ಇಲ್ಲ. ಅಜ್ಜನ ಕಾಲದಿಂದ ಒಲೆ ಉರಿದ ಜಾಗದಲ್ಲೇ ಎಷ್ಟೋ ಜನ ಕಾಗದವಿಲ್ಲದೆ ಕೂತಿದ್ದಾರೆ.

ಪಂಚಾಯ್ತಿಯನ್ನು ದೂರಿ ಕೈ ತೊಳೆದುಕೊಳ್ಳುವುದು ಸುಲಭ. ನಮ್ಮದನ್ನೂ ಹೇಳೋಣ. ಈ 25 ವರ್ಷ ಸಂಘ ಸಾಲ ಕೊಟ್ಟದ್ದು ಪಹಣಿ ತಂದವರಿಗೆ. ಮನೆಯೇ ಇಲ್ಲದವರ ಹತ್ತಿರ ಪಹಣಿ ಎಲ್ಲಿರುತ್ತದೆ? ಹೋದ ಬೇಸಿಗೆಯಲ್ಲಿ ಒಬ್ಬ ತಾಯಿ ಮಂಜೂರಾತಿ ಕಾಗದ ಹಿಡಿದು ಬಂದು, "ತಳಪಾಯಕ್ಕೆ ಒಂದಿಷ್ಟು ಕೊಡಿ, ಕಂತು ಬಂದ ದಿನವೇ ಕಟ್ತೀನಿ" ಅಂದರು. ನಿಯಮ ಹೇಳಿ ಕಳಿಸಿದೆವು. ಅವರ ಜಾಗದಲ್ಲಿ ಈಗಲೂ ಗುರುತಿನ ಗೂಟ ಮಾತ್ರ ಇದೆ. ಇದು ನಮ್ಮ ಮನಸ್ಸನ್ನು ಕೊರೆಯುತ್ತಿದೆ.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಮೊದಲ ಸಹಕಾರ ಸಂಘಗಳಲ್ಲೊಂದನ್ನು ಕಟ್ಟಿದ್ದು ಕೈಯಲ್ಲಿ ಕಾಸಿಲ್ಲದ ರೈತರು ಒಬ್ಬರಿಗೊಬ್ಬರು ಆಗಲಿ ಎಂದೇ. ಅದೇ ದಾರಿಯಲ್ಲಿ ಮೂರು ಮಾತು ಸಭೆಯ ಮುಂದಿಡುತ್ತೇವೆ. ಒಂದು, ಮಂಜೂರಾದ ಮನೆಗಳ ತಳಪಾಯಕ್ಕೆ ಸ್ವಸಹಾಯ ಗುಂಪಿನ ಜಾಮೀನಿನ ಮೇಲೆ ಸಣ್ಣ ಸಾಲ ಕೊಡಲು ಬೈಲಾದಲ್ಲಿ ಅವಕಾಶ ಮಾಡೋಣ. ಎರಡು, ಗ್ರಾಮಸಭೆಗೆ ಸದಸ್ಯರೆಲ್ಲ ಹೋಗೋಣ, ಅರ್ಹರ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳೋಣ. ಮೂರು, ಅರ್ಜಿ ಬರೆಯಲು ಬಾರದವರಿಗೆ ಸಂಘದ ಕಚೇರಿಯಲ್ಲೇ ಬರೆದುಕೊಡೋಣ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಒಬ್ಬರೇ ಕಟ್ಟಿದರೆ ಕಷ್ಟ ನಿಜ, ಊರೇ ಕೈಜೋಡಿಸಿದರೆ ಆಗದ್ದೇನಿದೆ? ಮುಂದಿನ ಮಳೆಗಾಲದೊಳಗೆ ಆ ತಾಯಿಯ ಗೂಟದ ಜಾಗದಲ್ಲಿ ಗೋಡೆ ಎದ್ದರೆ ನಮ್ಮ ರಜತ ಮಹೋತ್ಸವ ಸಾರ್ಥಕ.  ಜೈ ಸಹಕಾರ.